ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಜಪಾನಿನ ಹಳೇ ಬ್ಯಾಂಡ್ ಹಾಡು ಹಾಡಿದ್ದು: ನನ್ನ ಅನುಭವ

ಕಾಂಜಿ, ಅಂದರೆ ಜಪಾನಿ ಬರವಣಿಗೆಯ ಚೀನೀ ಮೂಲದ ಅಕ್ಷರ, ಓದಲು ಬಾರದವನು ಜಪಾನಿನ ಹಳೇ ಬ್ಯಾಂಡುಗಳ ಹಾಡನ್ನು ವೇದಿಕೆ ಮೇಲೆ ಹಾಡಲು ಆಗಲ್ಲ ಅಂತ ಬಹಳ ಜನ ಹೇಳಿದ್ದರು. ಆಫೀಸಿನ ಜಪಾನಿಗಳು ನಯವಾಗಿ ಹೇಳಿದರು. ತೋಕ್ಯೋದಲ್ಲಿ ಭಾರತೀಯರು ಹೆಚ್ಚಿರುವ ನಿಶಿ ಕಸಾಯ್‌ನ ನಮ್ಮವರು ನೇರವಾಗಿಯೇ ಹೇಳಿದರು. ಕಳೆದ ನವೆಂಬರಿನಲ್ಲಿ ಕಾವಾಸಾಕಿಯ ಒಂದು ಸಣ್ಣ ಲೈವ್ ಹೌಸಿನಲ್ಲಿ (ಬ್ಯಾಂಡುಗಳು ಹಾಡುವ ಹಾಲ್) ನಮ್ಮ ಒಯಾಜಿ ಬ್ಯಾಂಡಿನ, ಅಂದರೆ ನಡುವಯಸ್ಸಿನ ಗಂಡಸರ ಹವ್ಯಾಸಿ ಬ್ಯಾಂಡಿನ, ಜೊತೆ ಐದಾರು ಹಾಡು ಹಾಡಿದೆ. ಮುಂದಿದ್ದ ಹಾಳೆಯಲ್ಲಿ ಬರೀ ಕನ್ನಡ ಅಕ್ಷರ. ಕೇಳಲು ಬಂದವರು ಹೆಚ್ಚಾಗಿ 55 ದಾಟಿದವರು, ಒಂದೊಂದು ಸಾಲೂ ಬಾಯಿಪಾಠ ಇರುವವರು. ಎರಡನೇ ಹಾಡಿಗೇ ಎದ್ದು ನಿಂತು ಜೊತೆಗೆ ಹಾಡಲು ಶುರು ಮಾಡಿದರು. ಇನ್ನು ಧೈರ್ಯವಾಗಿ ಬರೆಯಬಹುದು.

ಮೊದಲು ಉಪಯೋಗಕ್ಕೆ ಬಾರದ್ದನ್ನು ಹೇಳಿಬಿಡುತ್ತೇನೆ. ರೋಮನ್ ಅಕ್ಷರದ ಸಾಹಿತ್ಯ ಎಲ್ಲ ಕಡೆ ಪುಕ್ಕಟೆ ಸಿಗುತ್ತದೆ. ಆದರೆ ದೀರ್ಘವನ್ನು ಒಬ್ಬರು ಒಂದು ಥರ ಬರೆಯುತ್ತಾರೆ, ಇನ್ನೊಬ್ಬರು ಬರೆಯುವುದೇ ಇಲ್ಲ. ಜಪಾನಿಯಲ್ಲಿ ಕೊಕೊ ಅಂದರೆ 'ಇಲ್ಲಿ', ಕೋಕೋ ಅಂದರೆ ಹೈಸ್ಕೂಲು. ಆ ಹಾಳೆ ನೋಡಿ ಹಾಡಿದರೆ ಯಾವುದು ಬಾಯಿಗೆ ಬರುತ್ತದೋ ಹೇಳಲಾಗದು. ಪುಣೆಯ ಗೆಳೆಯನೊಬ್ಬ ದೇವನಾಗರಿಯಲ್ಲಿ ಬರೆದುಕೊಟ್ಟ. ಅದರಲ್ಲಿ ಹ್ರಸ್ವ ಎ, ಒ ಇಲ್ಲ, ಅಲ್ಲಿಗೆ ಕಥೆ ಮುಗಿಯಿತು. ಕರಾಒಕೆ ಪರದೆ ಮೇಲೆ ಫುರಿಗಾನಾ (ಕಾಂಜಿಯ ಉಚ್ಚಾರ ತೋರಿಸುವ ಸಣ್ಣ ಅಕ್ಷರ) ಬರುತ್ತದಲ್ಲ ಅಂತ ನೀವು ಕೇಳಬಹುದು. ಬರುತ್ತದೆ, ಆದರೆ ಅದನ್ನು ಜೋಡಿಸಿಕೊಳ್ಳುವಷ್ಟರಲ್ಲಿ ಸಾಲು ದಾಟಿರುತ್ತದೆ. ಕನ್ನಡ ಅಕ್ಷರ ಹಾಗಲ್ಲ, ಕಣ್ಣಿಗೆ ಬಿದ್ದ ಕೂಡಲೇ ಬಾಯಿಗೆ ಬರುತ್ತದೆ.

ದುಡ್ಡು ಜಾಸ್ತಿ ಹೋದದ್ದು ಹಾಡಿನ ಕ್ಲಾಸಿಗೆ. ಒಂದು ಸಲಕ್ಕೆ ಏಳು ಸಾವಿರ ಯೆನ್ ಹತ್ತಿರ, ಹೆಚ್ಚು ಕಡಿಮೆ ಅರ್ಧ ವರ್ಷ. ಉಸಿರಾಟ ಹೇಳಿಕೊಟ್ಟರು, ಉಚ್ಚಾರ ಮುಟ್ಟಲೇ ಇಲ್ಲ. ಒಂದೂವರೆ ಲಕ್ಷ ಯೆನ್ ಆದರೂ ಹೋಗಿರಬೇಕು. ಆ ದುಡ್ಡಿಗೆ ಹಗಲು ಹೊತ್ತಿನ ಕರಾಒಕೆ ಕೋಣೆ ಎಷ್ಟೋ ತಿಂಗಳು ಸಿಗುತ್ತಿತ್ತು. ಬಿಡುವಿನ ದಿನ ಬೆಳಿಗ್ಗೆ ಹೋದರೆ ಅರ್ಧ ಗಂಟೆಗೆ ಮುನ್ನೂರು ಯೆನ್ ಆಸುಪಾಸು, ಒಂದು ಪಾನೀಯ ಬೇರೆ. ಹಳೇ ಸಿಡಿ 110 ಯೆನ್‌ಗೇ ಸಿಗುತ್ತವೆ. ಎಲ್ಲ ವಾದ್ಯಗಳ ಸ್ವರಲಿಪಿ ಇರುವ ಬ್ಯಾಂಡ್ ಸ್ಕೋರ್ ಪುಸ್ತಕವನ್ನು ಮಾತ್ರ ಹೊಸದು ಕೊಳ್ಳಬೇಡಿ, ಸೆಕೆಂಡ್ ಹ್ಯಾಂಡ್ ಸಾಕು.

ದಾರಿ ಸಿಕ್ಕಿದ್ದು ಹೈಸ್ಕೂಲಿನ ಛಂದಸ್ಸಿನಿಂದ. ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿ ಗಣ ವಿಂಗಡಿಸಿದ್ದು ನೆನಪಿದೆ ಅಲ್ವಾ? ಅದೇ ಲೆಕ್ಕ. ತೋಕ್ಯೋ ಅಂದರೆ ಎರಡು ಗುರು, ನಾಲ್ಕು ಮಾತ್ರೆ. ಜಪಾನಿಗಳೂ ನಾಲ್ಕೇ ಎಣಿಸುತ್ತಾರೆ. ಶಾಲೆಗೆ ಗಕ್ಕೋ, ಒತ್ತಕ್ಷರದ ಹಿಂದಿನದು ಗುರು, ಮತ್ತೆ ನಾಲ್ಕು. ಅನುಸ್ವಾರ ಬಂದರೂ ಗುರು. ಹಾಡಿನ ಸಾಲನ್ನು ಕನ್ನಡದಲ್ಲಿ ಬರೆದು ಮೇಲೆ ಪ್ರಸ್ತಾರ ಹಾಕಿದರೆ ಎಷ್ಟು ಸ್ವರಕ್ಕೆ ಎಷ್ಟು ಅಕ್ಷರ ಅಂತ ಕಣ್ಣಿಗೇ ಕಾಣುತ್ತದೆ.

ಎರಡು ಕಡೆ ಇದು ಕೈಕೊಡುತ್ತದೆ. ಭೂಮಿಗೆ ಚಿಕ್ಯೂ ಅನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಚಿ ಗುರು, ಅವರಿಗೆ ಅದು ಲಘುವೇ. ಕ್ಯ, ರ್ಯ, ಹ್ಯ ಬಂದಲ್ಲೆಲ್ಲ ಹಿಂದಿನ ಅಕ್ಷರಕ್ಕೆ ಕೆಂಪು ಚುಕ್ಕೆ ಇಡುತ್ತೇನೆ. ಇನ್ನೊಂದು, ಅನುಸ್ವಾರಕ್ಕೆ ಎಷ್ಟೋ ಕಡೆ ತನ್ನದೇ ಸ್ವರ ಇರುತ್ತದೆ. ನಮ್ಮ ಬಾಯಿ ಅದನ್ನು ನುಂಗಿಬಿಡುತ್ತದೆ. ಅದಕ್ಕೆ ನಾನು ಹಾಕುವ ಗುರುತನ್ನು ಇಲ್ಲಿ ಹೇಳುವುದಿಲ್ಲ. ಅದನ್ನು ಕಂಡುಕೊಳ್ಳಲು ಒಂದು ಚಳಿಗಾಲ ಪೂರ್ತಿ ಹೋಗಿದೆ.

ಯಾವ ಬ್ಯಾಂಡಿನಿಂದ ಶುರು ಮಾಡಬೇಕು ಅನ್ನುವುದು ಬಹಳ ಮುಖ್ಯ. ಎಲ್ಲರೂ ಸದರ್ನ್ ಆಲ್ ಸ್ಟಾರ್ಸ್‌ಗೆ ಕೈ ಹಾಕುತ್ತಾರೆ. 1978ರಲ್ಲಿ ಬಂದ ಬ್ಯಾಂಡು, ಐವತ್ತು ದಾಟಿದ ಯಾವ ಜಪಾನಿಗೂ ಗೊತ್ತು. ಆದರೆ ಕುವಾತಾ ಕೇಸುಕೆ ಜಪಾನಿ ಭಾಷೆಯನ್ನು ಇಂಗ್ಲಿಷ್ ಥರ ಹಾಡುತ್ತಾರೆ. ಮೂರು ನಾಲ್ಕು ಮಾತ್ರೆಗಳನ್ನು ಒಂದೇ ಸ್ವರಕ್ಕೆ ತುರುಕುತ್ತಾರೆ. ಪ್ರಸ್ತಾರ ಹಾಕಿದರೆ ಏನೂ ಕೂಡಿಬರುವುದಿಲ್ಲ. ಕೊನೆಗೆ ಎರಡು ಸಾಲು ಬರೆದೆ. ಮೇಲೆ ನಿಜವಾದ ಪದ, ಕೆಳಗೆ ಕಿವಿಗೆ ಕೇಳಿದ್ದು. ಮೊಬೈಲಿನಲ್ಲಿ ವೇಗವನ್ನು ಶೇಕಡಾ 75ಕ್ಕೆ ಇಳಿಸಿ ಕೇಳಿ ಕೇಳಿ ಬರೆದದ್ದು. ಆಮೇಲೆ ಬಂತು.

ನನ್ನ ಸಲಹೆ ಬೋಯಿ. ತಾಕಾಸಾಕಿ ಕಡೆಯ ಹುಡುಗರ ಬ್ಯಾಂಡು. ಹಿಮುರೋ ಹಾಡು, ಹೊತೇಯಿ ಗಿಟಾರ್. 1987ರ ಡಿಸೆಂಬರ್ 24ರಂದು ಶಿಬುಯಾದ ವೇದಿಕೆಯಲ್ಲೇ ಬ್ಯಾಂಡ್ ಮುಗಿಯಿತು ಅಂದರು. ಮುಂದಿನ ಏಪ್ರಿಲಿನಲ್ಲಿ ತೋಕ್ಯೋ ಡೋಮಿನಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟರು. ನಮ್ಮ ಗಿಟಾರಿಸ್ಟ್ ಆಗ ಹೈಸ್ಕೂಲು. ಇವತ್ತಿಗೂ ಆ ಡಿಸೆಂಬರಿನ ಮಾತು ಬಂದರೆ ಅಭ್ಯಾಸ ಹತ್ತು ನಿಮಿಷ ನಿಲ್ಲುತ್ತದೆ. ಇವರ ಹಾಡುಗಳಲ್ಲಿ ಬೀಟ್ ನೇರ, ಹೆಚ್ಚು ಕಡಿಮೆ ಒಂದು ಏಟಿಗೆ ಒಂದು ಮಾತ್ರೆ. ಕನ್ನಡಿಗರಿಗೆ ಹೇಳಿ ಮಾಡಿಸಿದ ಹಾಗಿದೆ. ಅಸಾಹಿಕಾವಾದ ಆನ್‌ಜೆನ್ ಚಿತಾಯ್ ಆಮೇಲೆ ಇಟ್ಟುಕೊಳ್ಳಿ. ಅದು ನಿಧಾನ, ಉಚ್ಚಾರ ಸುಲಭ, ಆದರೆ ತಮಾಕಿ ಕೋಜಿ ಉಸಿರಿನಲ್ಲೇ ಹಾಡುತ್ತಾರೆ, ಎದೆ ಬೇಕು.

ಗೊದಾಯ್ಗೊ ಬಿಡಲೇಬೇಡಿ. ಅವರ 'ಗಾಂಧಾರ' 1978ರ ಟಿವಿ ಧಾರಾವಾಹಿಯ ಕೊನೆಯ ಹಾಡು. ಚೀನಾದ ಸನ್ಯಾಸಿಯೊಬ್ಬ ಕೋತಿಯ ಜೊತೆ ಭಾರತಕ್ಕೆ ಹೊರಡುವ ಕಥೆ. ಆ ಸನ್ಯಾಸಿಯ ಮೂಲ ಹ್ಯುಯೆನ್ ತ್ಸಾಂಗ್, ಇಮ್ಮಡಿ ಪುಲಿಕೇಶಿಯ ರಾಜ್ಯ ನೋಡಿ ಬರೆದಿಟ್ಟವನು. ನಾವು ಶಾಲೆಯಲ್ಲಿ ಓದಿದವನೇ. ಅವನು ನಮ್ಮ ರಾಜನ ನಾಡಿಗೂ ಬಂದಿದ್ದ ಅಂತ ಹಾಡುವ ಮೊದಲು ಎರಡು ಮಾತು ಹೇಳಿದೆ. ಇಡೀ ಹಾಲ್ 'ಹೇಏ' ಅಂತು. ಅಲ್ಲಿಂದ ಮುಂದೆ ನಾನು ಹೊರಗಿನವನು ಅಂತ ಅನಿಸಲೇ ಇಲ್ಲ. ಇದೇ ಹಾಡಿಗೆ ಒಮ್ಮೆ ಸ್ಟುಡಿಯೋದಲ್ಲಿ ಖಂಜಿರ ಸೇರಿಸಿ ನೋಡಿದೆವು. ಡ್ರಮ್ಮಿನ ಸದ್ದಿನಲ್ಲಿ ಮುಳುಗಿಹೋಯಿತು. ಡ್ರಮ್ ನಿಲ್ಲಿಸಿ ಬರೀ ಕೀಬೋರ್ಡ್ ಇಟ್ಟಾಗ ಬಹಳ ಚೆನ್ನಾಗಿ ಬಂತು, ಮುಂದೆ ಯಾವತ್ತಾದರೂ ಮಾಡಬೇಕು.

ಇನ್ನೊಂದು ಪ್ರಯೋಗ ಡಾಮ್ ಅನ್ನುವ ಕರಾಒಕೆ ಮಷೀನು ಹಾಡಿಗೆ ಕೊಡುವ ಅಂಕದ್ದು. ಚಿಕ್ಕಂದಿನಲ್ಲಿ ನಾಲ್ಕೈದು ವರ್ಷ ಕರ್ನಾಟಕ ಸಂಗೀತ ಕಲಿತಿದ್ದೆ. ಸ್ವರವನ್ನು ಕೆಳಗಿನಿಂದ ಜಾರಿಸಿ ಹಿಡಿಯುವ ಅಭ್ಯಾಸ ಹೋಗಿಲ್ಲ. ಮಷೀನು ಅದನ್ನೆಲ್ಲ 'ಶಕುರಿ' ಅಂತ ಎಣಿಸಿ ರಾಶಿ ಹಾಕಿತು, ಆದರೆ ಸ್ಥಾಯಿಯ ಅಂಕ 70ರ ಆಸುಪಾಸು ನಿಂತುಬಿಟ್ಟಿತು. ಗಮಕ ಬಿಟ್ಟು ಮೊಬೈಲಿನ ಶ್ರುತಿಗೆ ನೇರ ಸ್ವರ ಹಾಡುವುದನ್ನು ಎರಡು ಮೂರು ತಿಂಗಳು ಮಾಡಿದೆ. ಈಗ 90 ದಾಟುತ್ತದೆ. ಆಫೀಸಿನಲ್ಲಿ ಇನ್ನೂ ಯಾರೂ ಅಲ್ಲಿಗೆ ಬಂದಿಲ್ಲ.

ಬ್ಯಾಂಡಿಗೆ ಸೇರಿದ ಮೇಲೆ ಖರ್ಚು ನಾನು ಹೆದರಿದಷ್ಟು ಆಗಲಿಲ್ಲ. ಸ್ಟುಡಿಯೋ ಗಂಟೆಗೆ 2,500 ಯೆನ್ ಹಿಡಿಯಿರಿ, ಎರಡು ಗಂಟೆಯದ್ದನ್ನು ಐದು ಜನ ಹಂಚಿಕೊಂಡರೆ ಸಾವಿರ. ಲೈವ್ ಹೌಸಿನ ನೊರುಮಾ ಮಾತ್ರ ಭಾರ. ಇಪ್ಪತ್ತು ಟಿಕೆಟ್ ನಾವೇ ಮಾರಬೇಕು, ಒಂದಕ್ಕೆ 2,000. ಮಾರದಿದ್ದರೆ ನಮ್ಮ ಜೇಬಿನಿಂದ. ಈ ಸಲ ಎಲ್ಲ ಖಾಲಿಯಾಯಿತು. ಅದರಲ್ಲಿ ಏಳೆಂಟು ಕೊಂಡವರು ಆಗಲ್ಲ ಅಂದಿದ್ದ ನಿಶಿ ಕಸಾಯ್‌ನವರೇ.

ಈಗ ಕೈಯಲ್ಲಿರುವುದು ಆಫ್ ಕೋರ್ಸ್. 1982ರ ಜೂನಿನಲ್ಲಿ ತೋಕ್ಯೋದ ದೊಡ್ಡ ಸಭಾಂಗಣ ಬುದೋಕಾನಿನಲ್ಲಿ ಹತ್ತು ದಿನ ಹಾಡಿದ ಬ್ಯಾಂಡು. ಒದಾ ಕಾಜುಮಾಸಾ ಒಂದೊಂದು ಅಕ್ಷರವನ್ನೂ ಬಿಡಿಸಿ ಹಾಡುತ್ತಾರೆ, ಪ್ರಸ್ತಾರ ಅಚ್ಚುಕಟ್ಟಾಗಿ ಕೂರುತ್ತದೆ. ತೊಂದರೆ ಸ್ಥಾಯಿಯದ್ದು, ಅಷ್ಟು ಮೇಲೆ ನನ್ನ ದನಿ ಹೋಗಲ್ಲ. ಕೀ, ಅಂದರೆ ಹಾಡಿನ ಶ್ರುತಿ, ನಾಲ್ಕು ಮೆಟ್ಟಿಲು ಇಳಿಸಬೇಕು ಅಂತ ನಾನು. ಎರಡಕ್ಕಿಂತ ಕೆಳಗೆ ಹೋದರೆ ಗಿಟಾರಿನ ತೆರೆದ ತಂತಿಗಳ ನಾದ ಹೋಗುತ್ತದೆ ಅಂತ ಗಿಟಾರಿಸ್ಟ್. ತಂತಿ ಒತ್ತಿಹಿಡಿಯುವ ಕ್ಯಾಪೊ ಹಾಕಿದರೆ ಶ್ರುತಿ ಮೇಲೆ ಹೋಗುತ್ತದೆ, ಕೆಳಗೆ ಹೋಗಲ್ಲವಲ್ಲ. ಸದ್ಯ ಮೂರಕ್ಕೆ ನಿಂತಿದ್ದೇವೆ. ಕಾರ್ಯಕ್ರಮ ಮೇ ತಿಂಗಳಲ್ಲಿ.