ತೋಟದ ಕೆರೆಯಲ್ಲಿ ಮುಳುಗಿ ಎದ್ದ ಅಣು ಜಲಾಂತರ್ಗಾಮಿ: ಮಾದರಿ ಕಟ್ಟಿದ ನನ್ನ ಅನುಭವ

ನೌಕಾಪಡೆಯ ಎಂಜಿನ್ ರೂಮಿನ ಕೆಲಸದಿಂದ ನಿವೃತ್ತನಾಗಿ ಗೋಣಿಕೊಪ್ಪದ ಬಳಿ ಕಾಫಿ ತೋಟ ನೋಡಿಕೊಂಡಿರುವ ನಾನು, ಊರಿನ ಪ್ರೌಢಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಮಕ್ಕಳೊಡನೆ ಅಣುಶಕ್ತಿ ಜಲಾಂತರ್ಗಾಮಿಯ ಮಾದರಿಯೊಂದನ್ನು ಕಟ್ಟಿದೆ. ಮೇಜಿನ ಮೇಲಿಟ್ಟು ನೋಡುವ ಬೊಂಬೆಯಿಂದ ಮಕ್ಕಳು ಕಲಿಯುವುದು ಕಡಿಮೆ. ಈ ಹಡಗಿನ ವಿನ್ಯಾಸವೆಲ್ಲ ಕೊನೆಗೆ ತೂಕದ ಲೆಕ್ಕಕ್ಕೇ ಬಂದು ನಿಲ್ಲುವುದರಿಂದ, ಮಾದರಿ ನೀರಿನಲ್ಲಿ ಮುಳುಗಿ ಏಳಲೇಬೇಕೆಂದು ನಿಶ್ಚಯಿಸಿದೆ.

ವಿಶಾಖಪಟ್ಟಣದಲ್ಲಿ 2009ರ ಜುಲೈ 26ರಂದು ನೀರಿಗಿಳಿದ, ನಮ್ಮ ದೇಶದಲ್ಲೇ ಕಟ್ಟಿದ ಅಣು ಜಲಾಂತರ್ಗಾಮಿ ಐಎನ್‌ಎಸ್ ಅರಿಹಂತ್ ಸುಮಾರು 110 ಮೀಟರ್ ಉದ್ದವಿದೆ. ನೂರರಲ್ಲೊಂದು ಅಳತೆಗೆ ಇಳಿಸಿದಾಗ ಉದ್ದ 1.1 ಮೀಟರ್ ಆಯಿತು; 110 ಮಿಲಿಮೀಟರ್ ವ್ಯಾಸದ ಪಿವಿಸಿ ಪೈಪು ಒಡಲಿಗೆ ಸರಿಹೊಂದಿತು. ಆ ಪೈಪಿನ ಒಂದು ಮೀಟರ್ ಸುಮಾರು ಒಂಬತ್ತೂವರೆ ಲೀಟರ್ ನೀರನ್ನು ಸರಿಸುತ್ತದೆ. ಅಂದರೆ ಅಷ್ಟುದ್ದ ಮುಳುಗಬೇಕಾದರೆ ಪೈಪೂ ಸೇರಿ ಒಟ್ಟು ಒಂಬತ್ತೂವರೆ ಕಿಲೋ ತೂಕವಿರಬೇಕು. ಮಕ್ಕಳು ಬ್ಯಾಟರಿ, ಮೋಟಾರು, ತಿರುಪುಗಳನ್ನೆಲ್ಲ ಒಂದೊಂದಾಗಿ ತೂಗಿ ಪುಸ್ತಕದಲ್ಲಿ ಬರೆದುಕೊಂಡು, ಉಳಿದ ತೂಕವನ್ನು ಸೀಸದ ಗುಂಡುಗಳಿಂದ ತುಂಬಿದರು.

ಆ ಸೀಸವನ್ನು ಎಲ್ಲಿಡಬೇಕೆಂಬುದೇ ನಿಜವಾದ ಪಾಠ. ತೇಲುವ ಹಡಗು ವಾಲಿದಾಗ, ನೀರಿನ ಮಟ್ಟದಲ್ಲಿರುವ ಅದರ ಅಗಲವೇ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸಲು ನೆರವಾಗುತ್ತದೆ. ಪೂರ್ತಿ ಮುಳುಗಿದ ಮೇಲೆ ಆ ಆಸರೆ ಇಲ್ಲದಿರುವುದರಿಂದ, ಗುರುತ್ವ ಕೇಂದ್ರವು (ಇಡೀ ತೂಕ ಕೆಳಕ್ಕೆಳೆಯುವ ಬಿಂದು) ತೇಲುವಿಕೆಯ ಕೇಂದ್ರಕ್ಕಿಂತ (ನೀರು ಮೇಲಕ್ಕೆ ಒತ್ತುವ ಬಿಂದು) ಕೆಳಗಿದ್ದರೆ ಮಾತ್ರ ಜಲಾಂತರ್ಗಾಮಿ ಮಗುಚದೆ ಉಳಿಯುತ್ತದೆ. ಹಾಗಾಗಿ ಸೀಸವೆಲ್ಲ ಪೈಪಿನ ತಳಕ್ಕೆ ಹೋಯಿತು.

“ಸರ್, ರಿಯಾಕ್ಟರನ್ನು ನಡುವೆಯೇ ಯಾಕೆ ಇಡಬೇಕು?” ಎಂದು ಹುಡುಗಿಯೊಬ್ಬಳು ಕೇಳಿದಳು. ಅಣುಶಕ್ತಿಯಿಂದ ಬಿಸಿ ಹುಟ್ಟಿಸುವ ರಿಯಾಕ್ಟರು ವಿಕಿರಣ ತಡೆಯುವ ಸೀಸ, ಉಕ್ಕುಗಳಿಂದಾಗಿ ಬಹಳ ಭಾರ; ಒಂದು ತುದಿಯಲ್ಲಿಟ್ಟರೆ ಹಡಗು ಆ ಕಡೆಗೆ ಮುಗ್ಗರಿಸುತ್ತದೆ ಎಂದೆ. ಪೈಪಿನ ನಡುವೆ ಪಾರದರ್ಶಕ ತುಂಡು ಸೇರಿಸಿ, ಎರಡು ಬಣ್ಣದ ನಳಿಗೆಗಳಲ್ಲಿ ನೀರು ಹರಿಯುವ ಎರಡು ಸುತ್ತುಗಳನ್ನು ತೋರಿಸಿದೆವು. ರಿಯಾಕ್ಟರಿನ ಮೂಲಕ ಹರಿಯುವ ನೀರು ಭಾರಿ ಒತ್ತಡದಿಂದಾಗಿ ಕುದಿಯದೆ ಬಿಸಿಯನ್ನು ಮಾತ್ರ ಹೊತ್ತು ತರುತ್ತದೆ. ಬೇರೆ ಸುತ್ತಿನ ನೀರು ಆ ಬಿಸಿಗೆ ಆವಿಯಾಗಿ ಟರ್ಬೈನ್ ತಿರುಗಿಸುತ್ತದೆ. ಇದಕ್ಕೆ ಗಾಳಿ ಬೇಡ. ಡೀಸೆಲ್ ಜಲಾಂತರ್ಗಾಮಿಯಂತೆ ಬ್ಯಾಟರಿ ತುಂಬಿಸಲು ಪದೇ ಪದೇ ಮೇಲಕ್ಕೆ ಬರಬೇಕಾದ ಅಗತ್ಯವೂ ಇಲ್ಲ.

ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಮೊದಲೇ, ಕೆರೆ ತುಂಬಿರುವಾಗ ಪರೀಕ್ಷೆ ಮಾಡಿದೆವು. ಹಿಂದೆ ಮುಂದೆ ಇದ್ದ, ತಳದಲ್ಲಿ ತೂತುಗಳಿರುವ ಎರಡು ಡಬ್ಬಗಳೊಳಗೆ ನೀರು ನುಗ್ಗಿದಾಗ ಮಾದರಿ ಮಟ್ಟಸವಾಗಿ ಇಳಿಯಿತು. ದಡದಿಂದ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದಾಗ ನೀರು ಹೊರಬಿದ್ದು ಮೇಲೆದ್ದಿತು. ನಿಜವಾದ ಹಡಗಿನಲ್ಲೂ ಒತ್ತಿ ಶೇಖರಿಸಿಟ್ಟ ಗಾಳಿ ಮಾಡುವ ಕೆಲಸ ಇದೇ. ಸಮುದ್ರದ ನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಭಾರವಾದ್ದರಿಂದ, 6,000 ಟನ್ನಿನ ಜಲಾಂತರ್ಗಾಮಿ ಸಿಹಿನೀರಿಗೆ ಬಂದರೆ ಸುಮಾರು 150 ಟನ್ ತೂಕ ಇಳಿಸಿಕೊಳ್ಳಬೇಕಾಗುತ್ತದೆ ಎಂಬುದನ್ನು ಮಕ್ಕಳು ಅಲ್ಲೇ ದಡದಲ್ಲಿ ಲೆಕ್ಕ ಹಾಕಿದರು.

ಇಂಥ ಮಾದರಿ ಕಟ್ಟುವ ಶಿಕ್ಷಕರು ಹೆಚ್ಚಿನ ಗಮನವನ್ನು ಪ್ರೊಪೆಲ್ಲರಿನ ದಂಡ ಹೊರಬರುವ ತೂತಿಗೆ ಕೊಡಬೇಕು. ನಾವು ಅಲ್ಲಿ ಹಿತ್ತಾಳೆ ಕೊಳವೆ ಕೂರಿಸಿ ಗ್ರೀಸ್ ತುಂಬಿದೆವು. ಮುನ್ನೂರು ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 30 ಕಿಲೋ ಒತ್ತಡವಿರುವಾಗ, ತಿರುಗುತ್ತಲೇ ಇರುವ ದಂಡದ ಸುತ್ತ ನೀರನ್ನು ತಡೆಯುವುದು ನಿಜವಾದ ಹಡಗು ಕಟ್ಟುವವರಿಗೂ ಕಠಿಣವಾದ ಕೆಲಸ.