ಟಾರ್ಚಿಗೆ ಕಾಣದ ಗಂಟಲು ನೋವು

ಸಂಜೆ ಒಪಿಡಿ ಮುಗಿಸಿ ಏಳುವ ಹೊತ್ತಿಗೆ ಐವತ್ತು ದಾಟಿದ ಒಬ್ಬರು ಬಂದರು. ಸಕ್ಕರೆ ಕಾಯಿಲೆ ಇತ್ತು. ಹಿಂದಿನ ರಾತ್ರಿಯಿಂದ ಗಂಟಲು ನೋವು, ಜ್ವರ. ಟಾರ್ಚ್ ಬಿಟ್ಟು ನೋಡಿದೆ. ಟಾನ್ಸಿಲ್ ಚೆನ್ನಾಗೇ ಇತ್ತು, ಹಿಂದುಗಡೆ ಸ್ವಲ್ಪ ಕೆಂಪು, ಅಷ್ಟೇ. ಉಪ್ಪುನೀರು ಮುಕ್ಕಳಿಸಿ ಅಂತ ಬರೆಯೋಕೆ ಪೆನ್ನು ಎತ್ತಿದ್ದೂ ಆಗಿತ್ತು.

ಆಗ ಅವರ ಕೈಲಿದ್ದ ಟವೆಲ್ ಕಣ್ಣಿಗೆ ಬಿತ್ತು. ಒಂದು ತುದಿ ಪೂರ್ತಿ ಒದ್ದೆ. ಮತ್ತೆ ಮತ್ತೆ ಅದನ್ನೇ ಬಾಯಿಗೆ ಒತ್ತಿಕೊಳ್ಳುತ್ತಿದ್ದರು.

"ಎಂಜಲೂ ನುಂಗೋಕಾಗ್ತಿಲ್ಲ ಡಾಕ್ಟ್ರೇ, ರಾತ್ರಿಯೆಲ್ಲ ಕೂತೇ ಇದ್ರು," ಅಂದರು ಹೆಂಡತಿ.

ರೋಗಿಯ ದನಿ ಬಾಯಲ್ಲಿ ಬಿಸಿ ಮುದ್ದೆ ಇಟ್ಟುಕೊಂಡು ಮಾತಾಡಿದ ಹಾಗಿತ್ತು. ನಮ್ಮ ಪುಸ್ತಕಗಳು ಇದಕ್ಕೆ ಬಿಸಿ ಆಲೂಗಡ್ಡೆ ಅನ್ನುತ್ತವೆ. ನನಗೆ ಮುದ್ದೆಯೇ ಸರಿ ಅನಿಸುತ್ತೆ.

ಪೆನ್ನು ಕೆಳಗಿಟ್ಟೆ. ಪಿಜಿ ಮಾಡುವಾಗ ಇಂಥವರೊಬ್ಬರನ್ನು ನಾನೇ ಮಾತ್ರೆ ಕೊಟ್ಟು ಮನೆಗೆ ಕಳಿಸಿದ್ದೆ. ಬೆಳಗಿನ ಜಾವ ಉಸಿರು ಕಟ್ಟಿ ವಾಪಸ್ ಬಂದರು. ಕುತ್ತಿಗೆಯಲ್ಲಿ ತೂತು ಮಾಡಿ ಟ್ಯೂಬ್ ಹಾಕಬೇಕಾಯಿತು. ಬದುಕಿದರು, ಪುಣ್ಯ.

ನೋವು ಇಷ್ಟು, ಗಂಟಲು ನೋಡಿದರೆ ಏನೂ ಇಲ್ಲ. ಈ ಲೆಕ್ಕ ತಾಳೆಯಾಗದಿದ್ದರೆ ನನಗೆ ಮೊದಲ ಅನುಮಾನ ಎಪಿಗ್ಲಾಟಿಸ್ ಮೇಲೆ. ನುಂಗುವಾಗ ಉಸಿರುದಾರಿಗೆ ಅಡ್ಡ ಬರುವ ಮುಚ್ಚಳ ಅದು. ನಾಲಿಗೆಯ ಬುಡದಲ್ಲಿರುವುದರಿಂದ ಟಾರ್ಚಿಗೆ ಸಿಗಲ್ಲ. ಸೋಂಕಿನಿಂದ ಅದು ಊದಿಕೊಳ್ಳುವುದು ಮಕ್ಕಳ ಕಾಯಿಲೆ ಅಂತಲೇ ನಾವು ಓದಿದ್ದು. ಈ ಸೋಂಕು ತರುವ ಒಂದು ಬ್ಯಾಕ್ಟೀರಿಯಾ ವಿರುದ್ಧದ ಹಿಬ್ ಲಸಿಕೆ ಬಂದ ಮೇಲೆ ಮಕ್ಕಳಲ್ಲಿ ಬಹಳ ಕಡಿಮೆಯಾಗಿದೆ. ದೊಡ್ಡವರ ಉಸಿರುದಾರಿ ಅಗಲ, ಹಾಗಾಗಿ ಉಸಿರಿನ ಗೊರಗೊರ ಸದ್ದು ತಡವಾಗಿ ಬರುತ್ತೆ. ಅದು ಕೇಳಿಸುವವರೆಗೆ ಕಾದರೆ ಕೆಟ್ಟೆವು.

ಎಕ್ಸ್‌ರೇಗೆ ಕಳಿಸಲಿಲ್ಲ. ಆ ಕೋಣೆಯಲ್ಲಿ ಒಬ್ಬರೇ ಇದ್ದಾಗ ಉಸಿರು ನಿಂತರೆ? ಮಲಗಿಸಲೂ ಇಲ್ಲ. ಕೂತ ಹಾಗೆಯೇ ಗಾಲಿಕುರ್ಚಿಯಲ್ಲಿ ಆಪರೇಷನ್ ಥಿಯೇಟರಿಗೆ. ಅರಿವಳಿಕೆ ಡಾಕ್ಟರ್ ಪಕ್ಕದಲ್ಲಿ, ಕುತ್ತಿಗೆಯಲ್ಲಿ ತೂತು ಮಾಡುವ ಟ್ರಕಿಯಾಸ್ಟಮಿ ಸೆಟ್ ಬಿಚ್ಚಿಟ್ಟು, ಆಮೇಲೆ ಮೂಗಿನಿಂದ ಗಂಟಲೊಳಗೆ ನೋಡುವ ಸ್ಕೋಪ್ ಇಳಿಸಿದೆ. ಎಲೆಯ ಹಾಗೆ ತೆಳ್ಳಗಿರಬೇಕಾದದ್ದು ಹೆಬ್ಬೆರಳಿನಷ್ಟು ದಪ್ಪಗೆ ಊದಿತ್ತು. ಅದರ ಹಿಂದೆ ಇನ್ನೂ ಸಂದು ಕಾಣುತ್ತಿತ್ತು, ಟ್ಯೂಬ್ ಬೇಡ ಅಂತ ತೀರ್ಮಾನಿಸಿದೆವು.

ಸೋಂಕಿಗೆ ಸೆಫ್ಟ್ರಿಯಾಕ್ಸೋನ್, ಊತಕ್ಕೆ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ರಕ್ತನಾಳಕ್ಕೆ ಕೊಟ್ಟೆವು. ರಾತ್ರಿಯಿಡೀ ಐಸಿಯುನಲ್ಲಿ ಆಕ್ಸಿಜನ್. ನಾನೂ ಅಲ್ಲೇ ಕುರ್ಚಿಯಲ್ಲಿ ಕೂತೆ, ಮನೆಗೆ ಹೋದರೂ ನಿದ್ದೆ ಬರುತ್ತಿರಲಿಲ್ಲ.

ಮೂರನೇ ದಿನ ಗಂಜಿ ಕುಡಿದರು. ಸ್ಟೀರಾಯ್ಡ್‌ನಿಂದ ಏರಿದ ಸಕ್ಕರೆ ಇಳಿಸೋಕೆ ಮಾತ್ರ ಇನ್ಸುಲಿನ್ ಹಾಕಿ ಇನ್ನೆರಡು ದಿನ ಒದ್ದಾಡಬೇಕಾಯಿತು.