ಲಿನಕ್ಸ್‌ಗೆ ಬಂದಾಯ್ತು, ಇನ್ನು ಗೇಮ್ ಆಡೋದು ಹೇಗೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಏಳನೇ ತಲೆಮಾರಿನ ಐ5, ಜತೆಗೊಂದು ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್ ಇಟ್ಟುಕೊಂಡು ಆರಾಮಾಗಿ ಗೇಮ್ ಆಡುತ್ತಿದ್ದವರಿಗೆ ಇದು ತಲೆನೋವು. ಮಷಿನ್ ಗಟ್ಟಿಮುಟ್ಟಾಗಿಯೇ ಇದೆ, ಎಸೆಯೋಕೆ ಮನಸ್ಸಿಲ್ಲ. ಅಂಥವರಲ್ಲಿ ಒಂದಷ್ಟು ಜನ ಲಿನಕ್ಸ್ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಂ ಕಡೆ ಬರುತ್ತಿದ್ದಾರೆ. ಬಂದವರು ಮೊದಲು ಕೇಳುವುದು ಗೇಮ್‌ಗಳ ಕತೆ ಏನು ಅಂತಲೇ.

ಒಬ್ಬರೇ ಕೂತು ಆಡುವ ಗೇಮ್‌ಗಳು ಬಹುಪಾಲು ನಡೆಯುತ್ತವೆ. ಆನ್‌ಲೈನ್‌ನಲ್ಲಿ ಬೇರೆಯವರ ಜತೆ ಗುದ್ದಾಡುವ ಕೆಲವು ಗೇಮ್‌ಗಳು ಏನು ಮಾಡಿದರೂ ನಡೆಯುವುದಿಲ್ಲ. ಹಾಗಾಗಿ ವಿಂಡೋಸ್ ಅಳಿಸುವ ಮುಂಚೆಯೇ ಕೆಲಸ ಶುರುವಾಗಬೇಕು.

ಇದು ಸಾಧ್ಯವಾಗಿದ್ದು ಹೇಗೆ ಅನ್ನೋದನ್ನು ಚುಟುಕಾಗಿ ನೋಡೋಣ. ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಅನ್ನುವ ಯೋಜನೆ 1993ರಿಂದ ನಡೆಯುತ್ತಿದೆ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿ ನಡೆಸುವ ವಾಲ್ವ್ ಕಂಪನಿ ಅದನ್ನೇ ತಳಪಾಯವಾಗಿ ಇಟ್ಟುಕೊಂಡು 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ತಂದಿತು. ವಿಂಡೋಸ್‌ನ ಗ್ರಾಫಿಕ್ಸ್ ವ್ಯವಸ್ಥೆಯಾದ ಡೈರೆಕ್ಟ್‌ಎಕ್ಸ್‌ಗೆಂದು ಗೇಮ್ ಕೊಡುವ ಆದೇಶಗಳನ್ನು ಪ್ರೋಟಾನ್ ಆಗಿಂದಾಗಲೇ ಲಿನಕ್ಸ್‌ನಲ್ಲಿ ನಡೆಯುವ ವಲ್ಕನ್‌ಗೆ ಬದಲಾಯಿಸಿ ಗ್ರಾಫಿಕ್ಸ್ ಕಾರ್ಡ್‌ಗೆ ಕಳಿಸುತ್ತದೆ. 2022ರಲ್ಲಿ ವಾಲ್ವ್ ತಂದ, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಓಡುವುದೂ ಲಿನಕ್ಸ್ ಮೇಲೆಯೇ. ತನ್ನದೇ ಮಷಿನ್‌ನಲ್ಲಿ ಗೇಮ್ ನಡೆಯಬೇಕಲ್ಲ, ಅದಕ್ಕೇ ವಾಲ್ವ್ ಈ ಕೆಲಸಕ್ಕೆ ಜೋರಾಗಿ ಕೈಹಾಕಿತು. ಅದರ ಲಾಭ ನಮ್ಮ ಹಳೇ ಪಿಸಿಗಳಿಗೂ ಸಿಕ್ಕಿದೆ.

ಮೊದಲು ಪಟ್ಟಿ ಬರೆಯಿರಿ

ನೀವು ನಿಜವಾಗಿ ಆಡುವ ಗೇಮ್‌ಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಸೇಲ್‌ನಲ್ಲಿ ಅಗ್ಗ ಅಂತ ಯುಪಿಐ ಒತ್ತಿ, ಒಂದು ಸಲವೂ ತೆರೆಯದೆ ಬಿಟ್ಟಿದ್ದೀರಲ್ಲ, ಅವು ಬೇಡ. ಆಮೇಲೆ ಪ್ರೋಟಾನ್‌ಡಿಬಿ ಅನ್ನುವ ವೆಬ್‌ಸೈಟ್‌ನಲ್ಲಿ ಒಂದೊಂದೇ ಹುಡುಕಿ. ಅಲ್ಲಿ ಆಟಗಾರರೇ ಕೊಟ್ಟ ದರ್ಜೆಗಳಿವೆ. ಪ್ಲಾಟಿನಂ ಅಥವಾ ಗೋಲ್ಡ್ ಇದ್ದರೆ ನಿಶ್ಚಿಂತೆ. ಸಿಲ್ವರ್ ಅಂದರೆ ಸ್ವಲ್ಪ ಕಿರಿಕಿರಿ ಇರುತ್ತದೆ. ಬೋರ್ಕ್ಡ್ ಅಂತ ಕಂಡರೆ ಆಸೆ ಬಿಡಿ. ದರ್ಜೆ ನೋಡಿ ಸುಮ್ನೆ ವಾಪಸ್ ಬರಬೇಡಿ. ಕೆಳಗೆ ಇಳಿದು, ನಿಮ್ಮಂಥದ್ದೇ ಗ್ರಾಫಿಕ್ಸ್ ಕಾರ್ಡ್ ಇರುವವರು ಇತ್ತೀಚೆಗೆ ಬರೆದದ್ದನ್ನು ಓದಿ. ಹಳೇ ದೂರುಗಳು ಎಷ್ಟೋ ಸಲ ಹೊಸ ಪ್ರೋಟಾನ್‌ನಲ್ಲಿ ಸರಿಹೋಗಿರುತ್ತವೆ.

ದೊಡ್ಡ ಅಡ್ಡಿ ಆ್ಯಂಟಿ-ಚೀಟ್. ಮೋಸ ಮಾಡುವವರನ್ನು ಹಿಡಿಯುವ ಈ ತಂತ್ರಾಂಶಗಳಲ್ಲಿ ಹಲವು ವಿಂಡೋಸ್‌ನ ಕರ್ನಲ್, ಅಂದರೆ ಅದರ ತಿರುಳಿನ ಮಟ್ಟದಲ್ಲೇ ಕೂರುತ್ತವೆ. ಲಿನಕ್ಸ್‌ನಲ್ಲಿ ಆ ಕರ್ನಲ್ಲೇ ಇಲ್ಲ, ಇನ್ನು ಕೂರೋದೆಲ್ಲಿ? ಹಾಗಾಗಿ ವ್ಯಾಲೊರಂಟ್, ಲೀಗ್ ಆಫ್ ಲೆಜೆಂಡ್ಸ್, ಫೋರ್ಟ್‌ನೈಟ್, ಪಿಸಿಯ ಪಬ್‌ಜಿ, ಇಎ ಎಫ್‌ಸಿ 25, ಕಾಲ್ ಆಫ್ ಡ್ಯೂಟಿಯ ಹೊಸ ಕಂತುಗಳು ನಡೆಯುವುದಿಲ್ಲ. ಈಸಿ ಆ್ಯಂಟಿ-ಚೀಟ್ ಮತ್ತು ಬ್ಯಾಟಲ್‌ಐ ಎರಡೂ 2021ರಿಂದಲೇ ಪ್ರೋಟಾನ್ ಜತೆ ಕೆಲಸ ಮಾಡಬಲ್ಲವು. ಆದರೆ ಅದಕ್ಕೆ ಅವಕಾಶ ಕೊಡಬೇಕಾದವರು ಗೇಮ್ ಮಾಡಿದ ಕಂಪನಿಯವರು. ಎಲ್ಡನ್ ರಿಂಗ್ ಮಾಡಿದವರು ಕೊಟ್ಟರು. ಏಪೆಕ್ಸ್ ಲೆಜೆಂಡ್ಸ್‌ನವರು ಕೊಟ್ಟು, 2024ರ ಅಕ್ಟೋಬರ್ ಕೊನೆಗೆ ವಾಪಸ್ ಕಿತ್ತುಕೊಂಡರು. ಜಿಟಿಎ 5ರದು ಇನ್ನೊಂದು ಬಗೆ. ಕಥೆಯ ಆಟ ಚೆನ್ನಾಗಿ ನಡೆಯುತ್ತದೆ, ಆದರೆ 2024ರ ಸೆಪ್ಟೆಂಬರ್‌ನಲ್ಲಿ ಬ್ಯಾಟಲ್‌ಐ ಬಂದ ಮೇಲೆ ಆನ್‌ಲೈನ್ ಬಾಗಿಲು ಮುಚ್ಚಿತು. ಅಂದರೆ ಇವತ್ತು ನಡೆಯುವ ಆನ್‌ಲೈನ್ ಗೇಮ್ ನಾಳೆಯೂ ನಡೆಯುತ್ತದೆ ಅನ್ನೋಕೆ ಆಗಲ್ಲ. ‘ಆರ್ ವಿ ಆ್ಯಂಟಿ-ಚೀಟ್ ಯೆಟ್’ ಅನ್ನುವ ವೆಬ್‌ಸೈಟ್‌ನಲ್ಲಿ ಸದ್ಯದ ಸ್ಥಿತಿ ಸಿಗುತ್ತದೆ. ಇದಕ್ಕೆ ಅಡ್ಡದಾರಿ ಇದೆ ಅನ್ನುವ ಯೂಟ್ಯೂಬ್ ವಿಡಿಯೊಗಳನ್ನು ನಂಬಿದರೆ ನಿಮ್ಮ ಅಕೌಂಟ್‌ಗೇ ಬೀಗ ಬೀಳಬಹುದು.

ಮೊಬೈಲ್ ಗೇಮ್‌ಗಳನ್ನು ಬ್ಲೂಸ್ಟ್ಯಾಕ್ಸ್ ಹಾಕಿ ಪಿಸಿಯಲ್ಲಿ ಆಡುವವರೂ ಗಮನಿಸಿ, ಅದಕ್ಕೆ ಲಿನಕ್ಸ್ ಆವೃತ್ತಿ ಇಲ್ಲ.

ಪಟ್ಟಿಯಲ್ಲಿ ಕೌಂಟರ್-ಸ್ಟ್ರೈಕ್ 2, ಡೋಟಾ 2, ಯೂರೋ ಟ್ರಕ್ ಸಿಮ್ಯುಲೇಟರ್ 2, ಸ್ಟಾರ್‌ಡ್ಯೂ ವ್ಯಾಲಿ, ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿ ಇದ್ದರೆ ಪ್ರೋಟಾನ್ ಕೂಡ ಬೇಕಿಲ್ಲ. ಅವಕ್ಕೆ ಲಿನಕ್ಸ್‌ನದೇ ಆವೃತ್ತಿಗಳಿವೆ.

ಸೇವ್ ಫೈಲ್ ಎತ್ತಿಡಿ

ಸ್ಟೀಮ್ ಕ್ಲೌಡ್ ಇರುವ ಗೇಮ್‌ಗಳ ಚಿಂತೆ ಕಡಿಮೆ. ಲೈಬ್ರರಿಯಲ್ಲಿ ಗೇಮ್ ತೆರೆದರೆ ಮೋಡದ ಚಿಹ್ನೆ ಕಾಣುತ್ತದೆ. ಅದು ಇಲ್ಲದವನ್ನು ಕೈಯಾರೆ ಉಳಿಸಬೇಕು. ಡಾಕ್ಯುಮೆಂಟ್ಸ್, ಸೇವ್ಡ್ ಗೇಮ್ಸ್, ಆ್ಯಪ್‌ಡೇಟಾ ಈ ಮೂರು ಫೋಲ್ಡರ್‌ಗಳಲ್ಲಿ ಹುಡುಕಿ, ಸಿಕ್ಕಿದ್ದನ್ನು ಪೆನ್‌ಡ್ರೈವ್‌ಗೆ ಹಾಕಿ. ಆ್ಯಪ್‌ಡೇಟಾ ಅಡಗಿರುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್‌ಗೆ ಟಿಕ್ ಹಾಕಿದರೆ ಕಾಣುತ್ತದೆ.

ಜಾಗ ಇದ್ದರೆ ಸ್ಟೀಮ್‌ಆ್ಯಪ್ಸ್ ಒಳಗಿನ ಕಾಮನ್ ಫೋಲ್ಡರನ್ನೂ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಹಾಕಿಕೊಳ್ಳಿ. ನೂರು ಜಿಬಿ ಗೇಮನ್ನು ಮತ್ತೆ ಡೌನ್‌ಲೋಡ್ ಮಾಡುವುದು ತಪ್ಪುತ್ತದೆ. ಲಿನಕ್ಸ್‌ನಲ್ಲಿ ಸ್ಟೀಮ್ ಹಾಕಿದ ಮೇಲೆ ಗೇಮ್‌ನ ಫೋಲ್ಡರನ್ನು ಅದೇ ಜಾಗದಲ್ಲಿ ಇಟ್ಟು ಇನ್‌ಸ್ಟಾಲ್ ಒತ್ತಿದರೆ, ಇರುವ ಫೈಲ್‌ಗಳನ್ನು ಸ್ಟೀಮ್ ಗುರುತಿಸಿ ಕಡಿಮೆ ಬಿದ್ದದ್ದನ್ನು ಮಾತ್ರ ಇಳಿಸಿಕೊಳ್ಳುತ್ತದೆ.

ಲಿನಕ್ಸ್ ಹಾಕುವಾಗ

ಲಿನಕ್ಸ್‌ನಲ್ಲಿ ಹಲವು ಬಗೆಗಳಿವೆ, ಯಾವುದು ಹಾಕಬೇಕು ಅನ್ನೋದರ ಬಗ್ಗೆ ಜಗಳ ಮುಗಿಯುವುದೇ ಇಲ್ಲ. ವಿಂಡೋಸ್‌ನಿಂದ ಬಂದವರಿಗೆ ನನ್ನ ಓಟು ಲಿನಕ್ಸ್ ಮಿಂಟ್‌ಗೆ. ಮೆನು, ಟಾಸ್ಕ್‌ಬಾರ್ ಎಲ್ಲ ಅಭ್ಯಾಸ ಇದ್ದಲ್ಲೇ ಇರುತ್ತವೆ. ಗೇಮ್‌ಗೋಸ್ಕರವೇ ಮಾಡಿದ ಬಜೈಟ್ ಕೂಡ ಚೆನ್ನಾಗಿದೆ, ಆದರೆ ಅದೇ ಮಷಿನ್‌ನಲ್ಲಿ ಆಫೀಸ್ ಕೆಲಸವೂ ಆಗಬೇಕು ಅಂದರೆ ಮಿಂಟ್ ಸಲೀಸು. ಕೆಳಗಿನ ಹೆಜ್ಜೆಗಳೆಲ್ಲ ಮಿಂಟ್‌ನವು.

ಪಟ್ಟಿಯಲ್ಲಿ ವ್ಯಾಲೊರಂಟ್‌ನಂಥದ್ದು ಇದ್ದು ಬಿಡೋಕೆ ಆಗಲ್ಲ ಅಂದರೆ ವಿಂಡೋಸ್ ಇರಲಿ, ಪಕ್ಕದಲ್ಲಿ ಲಿನಕ್ಸ್ ಹಾಕಿ. ಎರಡಕ್ಕೂ ಬೇರೆ ಬೇರೆ ಎಸ್‌ಎಸ್‌ಡಿ ಇದ್ದರೆ ಇನ್ನೂ ವಾಸಿ. ಅದಕ್ಕೂ ಮುಂಚೆ ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಎರಡನ್ನೂ ಇಟ್ಟುಕೊಂಡವರಿಗೆ ಒಂದು ತಮಾಷೆ ಕಾದಿರುತ್ತದೆ. ಲಿನಕ್ಸ್‌ನಿಂದ ವಿಂಡೋಸ್‌ಗೆ ಹೋದರೆ ಬೆಳಗ್ಗೆ ಹತ್ತಕ್ಕೆ ಗಡಿಯಾರ ನಾಲ್ಕೂವರೆ ತೋರಿಸುತ್ತದೆ. ಬ್ಯಾಟರಿ ಹೋಗಿಲ್ಲ, ಗಾಬರಿ ಬೇಡ. ಮದರ್‌ಬೋರ್ಡ್‌ನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ (ಜಾಗತಿಕ) ಸಮಯ ಬರೆಯುತ್ತದೆ. ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಅಂದುಕೊಳ್ಳುತ್ತದೆ. ನಮಗೆ ಐದೂವರೆ ಗಂಟೆ ವ್ಯತ್ಯಾಸ, ಅಲ್ವಾ? ಲಿನಕ್ಸ್‌ನ ಟರ್ಮಿನಲ್‌ನಲ್ಲಿ ‘timedatectl set-local-rtc 1’ ಅಂತ ಟೈಪ್ ಮಾಡಿ ‘ಲೋಕಲ್ ಆರ್‌ಟಿಸಿ’ ಅನ್ನುವ ಸೆಟ್ಟಿಂಗನ್ನು 1 ಮಾಡಿದರೆ ಸರಿಹೋಗುತ್ತದೆ.

ಡ್ರೈವರ್

ಎಎಂಡಿ ಕಾರ್ಡ್ ಇದ್ದವರು ಈ ಭಾಗ ದಾಟಿ ಮುಂದೆ ಹೋಗಿ, ನಿಮ್ಮ ಡ್ರೈವರ್ ಲಿನಕ್ಸ್ ಜತೆಗೇ ಬಂದಿರುತ್ತದೆ.

ಎನ್‌ವಿಡಿಯಾ ಇದ್ದರೆ ಮೆನುವಿನಲ್ಲಿ ಡ್ರೈವರ್ ಮ್ಯಾನೇಜರ್ ತೆರೆಯಿರಿ. ‘ರೆಕಮೆಂಡೆಡ್’ ಅಂತ ಬರೆದಿರುವುದನ್ನು ಆರಿಸಿ, ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ. ದೊಡ್ಡ ಸಂಖ್ಯೆ ಅಂದರೆ ಒಳ್ಳೇದು ಅಂತ ಲೆಕ್ಕ ಹಾಕಬೇಡಿ. ಜಿಟಿಎಕ್ಸ್ 10ರ ಸಾಲಿನ ಕಾರ್ಡ್‌ಗಳಿಗೆ 580ನೇ ಸರಣಿಯೇ ಕೊನೆಯ ಡ್ರೈವರ್.

ಒಪ್ಪಿಗೆ ಇಲ್ಲದ ತಂತ್ರಾಂಶವನ್ನು ಮಷಿನ್ ಶುರುವಾಗುವಾಗಲೇ ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಹೊಸಬರು ಇಲ್ಲೇ ಎಡವುತ್ತಾರೆ. ಇನ್‌ಸ್ಟಾಲ್ ಆಗುವಾಗ ಒಂದು ಪಾಸ್‌ವರ್ಡ್ ಇಡಲು ಕೇಳಿದರೆ, ಅದು ನೆನಪಿರಲಿ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಅದು ವಿಂಡೋಸ್‌ನ ಆ ಕುಖ್ಯಾತ ನೀಲಿ ಪರದೆ ಅಲ್ಲ. ಹತ್ತು ಸೆಕೆಂಡ್ ಎಣಿಸುತ್ತಿರುತ್ತದೆ, ಅಷ್ಟರೊಳಗೆ ಯಾವುದಾದರೂ ಕೀ ಒತ್ತಿ. ‘ಎನ್‌ರೋಲ್ ಎಂಒಕೆ’, ‘ಕಂಟಿನ್ಯೂ’, ‘ಯೆಸ್’ ಅಂತ ಹೋಗಿ ಆ ಪಾಸ್‌ವರ್ಡ್ ಕೊಡಿ. ನೋಡ್ತಾ ಕೂತು ಸಮಯ ಬಿಟ್ಟರೆ ಡ್ರೈವರ್ ಇದ್ದೂ ಕೆಲಸ ಮಾಡುವುದಿಲ್ಲ, ಗೇಮ್ ತೆವಳುತ್ತದೆ.

ಬೇರೆ ಕಾರ್ಡ್ ಇಲ್ಲದೆ ಇಂಟೆಲ್‌ನ ಗ್ರಾಫಿಕ್ಸ್ ಮೇಲೆಯೇ ಆಡುವವರಿಗೆ ಆರನೇ ತಲೆಮಾರಿನಿಂದ ಈಚೆಗಿನ ಪ್ರೊಸೆಸರ್ ಆದರೆ ತೊಂದರೆ ಇಲ್ಲ. ನಾಲ್ಕನೇ ತಲೆಮಾರು ಅಥವಾ ಅದಕ್ಕಿಂತ ಹಳೆಯದಾದರೆ ವಲ್ಕನ್ ಪೂರ್ತಿ ಸಿಗುವುದಿಲ್ಲ, ಪ್ರೋಟಾನ್ ಮೇಲೆ ಭರವಸೆ ಇಡಬೇಡಿ.

ಸ್ಟೀಮ್ ಮತ್ತು ಪ್ರೋಟಾನ್

ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಸ್ಟೀಮ್ ಹುಡುಕಿ. ಸಿಸ್ಟಂ ಪ್ಯಾಕೇಜ್, ಫ್ಲ್ಯಾಟ್‌ಪ್ಯಾಕ್ ಎಂದು ಎರಡು ಬಗೆ ಕಂಡರೆ ಸಿಸ್ಟಂ ಪ್ಯಾಕೇಜನ್ನೇ ಹಾಕಿ. ಲಾಗಿನ್ ಆದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಕಂಪ್ಯಾಟಿಬಿಲಿಟಿಗೆ ಹೋಗಿ. ಎಲ್ಲ ಗೇಮ್‌ಗಳಿಗೂ ಸ್ಟೀಮ್ ಪ್ಲೇ ಬಳಸುವ ಆಯ್ಕೆ ಕಂಡರೆ ಆನ್ ಮಾಡಿ. ಹೊಸ ಸ್ಟೀಮ್‌ನಲ್ಲಿ ಇದು ಮೊದಲೇ ಆನ್ ಇರುತ್ತದೆ.

ಮೊದಲಿಗೆ ಚಿಕ್ಕದೊಂದು ಗೇಮ್ ಹಾಕಿ ನೋಡಿ. ಅದು ಓಡಿದರೆ ಡ್ರೈವರ್, ಪ್ರೋಟಾನ್ ಎರಡೂ ಸರಿಯಿವೆ ಅಂತ ಖಾತ್ರಿ. ಪ್ಲೇ ಒತ್ತಿದಾಗ ‘ಪ್ರೊಸೆಸಿಂಗ್ ವಲ್ಕನ್ ಶೇಡರ್ಸ್’ ಅಂತ ಬಂದು ಸ್ವಲ್ಪ ಹೊತ್ತು ನಿಲ್ಲಬಹುದು. ಸ್ಕಿಪ್ ಮಾಡಬಹುದು, ಆದರೆ ಮಾಡಿದರೆ ಆಟದ ನಡುವೆ ತಡವರಿಕೆ ಜಾಸ್ತಿ ಆಗಬಹುದು. ಎದ್ದು ಹೋಗಿ ಕಾಫಿ ಮಾಡಿಕೊಳ್ಳಿ.

ಗೇಮ್ ತೆರೆದು ತಕ್ಷಣ ಮುಚ್ಚಿಕೊಂಡರೆ ಹೀಗೆ ಮಾಡಿ. ಲೈಬ್ರರಿಯಲ್ಲಿ ಅದರ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ, ಅಲ್ಲಿಂದ ಕಂಪ್ಯಾಟಿಬಿಲಿಟಿಗೆ ಹೋಗಿ, ಪ್ರೋಟಾನ್ ಎಕ್ಸ್‌ಪೆರಿಮೆಂಟಲ್ ಆರಿಸಿ. ಆಗಲಿಲ್ಲವೇ, ಹಳೇ ಆವೃತ್ತಿಯೊಂದನ್ನು ನೋಡಿ. ಅದೂ ಆಗದಿದ್ದರೆ ವಾಲ್ವ್ ಹೊರಗಿನವರು ಮಾರ್ಪಡಿಸಿದ ಜಿಇ-ಪ್ರೋಟಾನ್ ಇದೆ. ಕಟ್‌ಸೀನ್ ವಿಡಿಯೊ ಬರದೆ ಬಣ್ಣದ ಪಟ್ಟಿ ಕಾಣುವಂಥ ತೊಂದರೆಗೆ ಇದು ಎಷ್ಟೋ ಸಲ ಮದ್ದು. ಪ್ರೋಟಾನ್‌ಅಪ್-ಕ್ಯೂಟಿ ಅನ್ನುವ ಆ್ಯಪ್‌ನಿಂದ ಇಳಿಸಿಕೊಂಡು ಸ್ಟೀಮ್ ಮುಚ್ಚಿ ತೆರೆದರೆ ಅದೇ ಪಟ್ಟಿಯಲ್ಲಿ ಸಿಗುತ್ತದೆ. ಲಿನಕ್ಸ್ ಆವೃತ್ತಿ ಇರುವ ಕೆಲವು ಗೇಮ್‌ಗಳಿಗೂ ನಾನು ಪ್ರೋಟಾನನ್ನೇ ಆರಿಸುತ್ತೇನೆ. ಆ ಆವೃತ್ತಿಗಳನ್ನು ಕಂಪನಿಯವರು ಮಾಡಿ, ಆಮೇಲೆ ತಿರುಗಿಯೂ ನೋಡದೆ ಬಿಟ್ಟಿರುತ್ತಾರೆ.

ವಿಂಡೋಸ್‌ನ ಡಿ ಡ್ರೈವ್‌ನಲ್ಲಿರುವ ಗೇಮ್‌ಗಳನ್ನು ಅಲ್ಲಿಂದಲೇ ಆಡೋಣ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಅದು ವಿಂಡೋಸ್‌ನ ಎನ್‌ಟಿಎಫ್‌ಎಸ್ ಬಗೆಯಲ್ಲಿ ಫಾರ್ಮ್ಯಾಟ್ ಆದ ಡ್ರೈವ್. ಪ್ರೋಟಾನ್ ತನ್ನ ಫೋಲ್ಡರ್‌ನಲ್ಲಿ ಹೆಸರಿನಲ್ಲಿ ಕೋಲನ್ (:) ಇರುವ ಲಿಂಕ್‌ಗಳನ್ನು ಇಡುತ್ತದೆ, ಅಂಥ ಹೆಸರು ವಿಂಡೋಸ್‌ಗೆ ಆಗಿಬರುವುದಿಲ್ಲ. ಗೇಮ್ ಓಡುವುದಿಲ್ಲ, ಇಲ್ಲವೇ ಡ್ರೈವ್ ಕೆಡುತ್ತದೆ. ಗೇಮ್‌ಗಳಿಗೆ ಲಿನಕ್ಸ್‌ನ ಇಎಕ್ಸ್‌ಟಿ4 ಬಗೆಗೆ ಫಾರ್ಮ್ಯಾಟ್ ಮಾಡಿದ ಜಾಗ ಕೊಡಿ.

ಈಗ ಎತ್ತಿಟ್ಟ ಸೇವ್ ಫೈಲ್. ಪ್ರೋಟಾನ್ ಪ್ರತಿ ಗೇಮ್‌ಗೂ ಒಂದು ಪುಟ್ಟ ಸಿ ಡ್ರೈವ್ ಕಟ್ಟುತ್ತದೆ. ವಿಚರ್ 3 ಉದಾಹರಣೆ ತಗೊಳ್ಳಿ. ಸ್ಟೀಮ್ ಅಂಗಡಿಯಲ್ಲಿ ಅದರ ಪುಟದ ವಿಳಾಸದಲ್ಲಿ 292030 ಅನ್ನುವ ಸಂಖ್ಯೆ ಇದೆ. ಗೇಮನ್ನು ಒಮ್ಮೆ ತೆರೆದು ಮುಚ್ಚಿ. ಆಮೇಲೆ ಸ್ಟೀಮ್‌ಆ್ಯಪ್ಸ್ ಒಳಗೆ ಕಂಪ್ಯಾಟ್‌ಡೇಟಾ, ಅದರೊಳಗೆ 292030, ಅಲ್ಲಿ ಪಿಎಫ್‌ಎಕ್ಸ್, ಡ್ರೈವ್ ಸಿ, ಯೂಸರ್ಸ್, ಸ್ಟೀಮ್‌ಯೂಸರ್ ಅಂತ ಇಳಿಯಿರಿ. ಅಲ್ಲಿ ನಿಮ್ಮ ಪರಿಚಯದ ಡಾಕ್ಯುಮೆಂಟ್ಸ್ ಫೋಲ್ಡರ್ ಸಿಗುತ್ತದೆ. ಪೆನ್‌ಡ್ರೈವ್‌ನಲ್ಲಿರುವ ವಿಚರ್ 3 ಫೋಲ್ಡರನ್ನು ಅಲ್ಲಿಗೆ ಹಾಕಿದರೆ ಬಿಟ್ಟಲ್ಲಿಂದ ಆಟ ಮುಂದುವರಿಯುತ್ತದೆ. ಸ್ಟೀಮ್‌ನ ಫೋಲ್ಡರೇ ಕಾಣದಿದ್ದರೆ ಕಂಟ್ರೋಲ್ ಮತ್ತು ಎಚ್ ಒತ್ತಿ, ಅಡಗಿದ್ದೆಲ್ಲ ಹೊರಬರುತ್ತದೆ.

ಸ್ಟೀಮ್ ಹೊರಗಿನವು

ಎಪಿಕ್‌ನ ಉಚಿತ ಗೇಮ್‌ಗಳನ್ನು ಗುಡ್ಡೆ ಹಾಕಿಕೊಂಡವರಿಗೆ, ಜಿಒಜಿಯಲ್ಲಿ ಕೊಂಡವರಿಗೆ ಹೀರೋಯಿಕ್ ಅನ್ನುವ ಲಾಂಚರ್ ಇದೆ. ಅದರೊಳಗಿನ ವೈನ್ ಮ್ಯಾನೇಜರ್‌ನಿಂದ ಜಿಇ-ಪ್ರೋಟಾನ್ ಇಳಿಸಿಕೊಂಡರೆ ಬಾಕಿ ಕೆಲಸ ಅದೇ ನೋಡಿಕೊಳ್ಳುತ್ತದೆ. ಉಳಿದವಕ್ಕೆ ಲೂಟ್ರಿಸ್ ಅನ್ನುವ ಲಾಂಚರ್. ಸೈಬರ್ ಕೆಫೆ ಕಾಲದ ಸಿಡಿಗಳನ್ನು ಇನ್ನೂ ಜೋಪಾನ ಮಾಡಿದವರಿಗೆ ಬೇಸರದ ಸುದ್ದಿ. ಸೇಫ್‌ಡಿಸ್ಕ್ ರಕ್ಷಣೆ ಇರುವ ಸಿಡಿಗಳು ವಿಂಡೋಸ್ 10ರಲ್ಲೇ ಓಡುತ್ತಿರಲಿಲ್ಲ, ಇಲ್ಲೂ ಕಷ್ಟ. ಅದೇ ಗೇಮ್ ಜಿಒಜಿಯಲ್ಲಿ ಸಿಕ್ಕರೆ ಕೊಂಡುಬಿಡಿ.

ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್ ಕಂಟ್ರೋಲರ್‌ಗಳನ್ನು ಯುಎಸ್‌ಬಿಗೆ ಸಿಕ್ಕಿಸಿದರೆ ಸಾಕು. ಎಸ್‌ಪಿ ರೋಡ್‌ನಲ್ಲಿ ಸಿಗುವಂಥ ಅಗ್ಗದ ಗೇಮ್‌ಪ್ಯಾಡ್ ತಪ್ಪುತಪ್ಪು ಬಟನ್ ತೋರಿಸಿದರೆ ನಡುವಿನ ಹೋಮ್ ಅಥವಾ ಮೋಡ್ ಬಟನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಅಂಥ ಹಲವು ಪ್ಯಾಡ್‌ಗಳು ಹಾಗೆ ಒತ್ತಿದಾಗ ಎಕ್ಸ್‌ಬಾಕ್ಸ್ ಬಗೆಗೆ ಬದಲಾಗುತ್ತವೆ.

ವೇಗದ ಬಗ್ಗೆ ಹೇಳಬೇಕೆಂದರೆ, ಎನ್‌ವಿಡಿಯಾ ಕಾರ್ಡ್‌ನಲ್ಲಿ ಡೈರೆಕ್ಟ್‌ಎಕ್ಸ್ 12 ಗೇಮ್‌ಗಳು ವಿಂಡೋಸ್‌ಗಿಂತ ಸ್ವಲ್ಪ ನಿಧಾನ ಇರುವುದುಂಟು. ಗೇಮ್‌ನಲ್ಲಿ ಡೈರೆಕ್ಟ್‌ಎಕ್ಸ್ 11 ಅಥವಾ ವಲ್ಕನ್ ಆಯ್ಕೆ ಇದ್ದರೆ ಅದನ್ನು ಹಾಕಿ ನೋಡಿ. ಇನ್ನು, ಡ್ರೈವರ್ ಅಪ್‌ಡೇಟ್ ಮಾಡುವ ಮುಂಚೆ ಮಿಂಟ್‌ನಲ್ಲೇ ಇರುವ ಟೈಮ್‌ಶಿಫ್ಟ್ ತೆರೆದು ಒಂದು ಸ್ನ್ಯಾಪ್‌ಶಾಟ್ ತೆಗೆದುಕೊಳ್ಳಿ. ಅಪ್‌ಡೇಟ್ ಆದ ಮೇಲೆ ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು.